‘ನಿತ್ಯೋತ್ಸವ’ದ ಸಂತೋಷ ಎಲ್ಲಿಂದ ಬರುತ್ತದೆ?

ನವೆಂಬರ್ ಹತ್ತಿರ ಬಂತೆಂದರೆ ಶಿವಮೊಗ್ಗ ಜಿಲ್ಲೆಯ ಯಾವ ಶಾಲೆಯ ಮುಂದೆ ಹಾದುಹೋದರೂ ಒಂದು ಹಾಡು ಕಿವಿಗೆ ಬಿದ್ದೇ ಬೀಳುತ್ತದೆ. ಜೋಗದಲ್ಲಿ ಶುರುವಾಗಿ, ತುಂಗೆಯ ದಂಡೆಗೆ ಬಂದು, ಸಹ್ಯಾದ್ರಿ ಹತ್ತಿ, ಕಾಡು ಹೊಕ್ಕು, ಕೊನೆಗೆ ‘ನಿತ್ಯೋತ್ಸವ’ ಎಂದು ದನಿ ಎತ್ತುವ ಹಾಡು. ಆರ್ಕೆಸ್ಟ್ರಾದವರು ಹಾಡುತ್ತಾರೆ, ಮಹಿಳಾ ಸಮಾಜದವರು ಹಾಡುತ್ತಾರೆ, ಊರು ಬಿಟ್ಟು ದೂರ ಹೋದವರು ಸಂಘ ಕಟ್ಟಿಕೊಂಡು ಹಾಡುತ್ತಾರೆ. ಹಾಡುವವರಿಗೆ ಶ್ರುತಿ ಸರಿಯಿಲ್ಲದಿದ್ದರೂ ಕೇಳುವವರ ಮುಖ ಅರಳುತ್ತದೆ.

ನಾಡನ್ನು ಹೊಗಳುವ ಹಾಡುಗಳಿಗೆ ಕನ್ನಡದಲ್ಲಿ ಬರವಿಲ್ಲ. ಅವುಗಳಲ್ಲಿ ಬಹುಪಾಲು ವೇದಿಕೆಯ ಶಾಮಿಯಾನ ಬಿಚ್ಚುವಷ್ಟರಲ್ಲಿ ಮರೆತುಹೋಗುತ್ತವೆ. ಇದು ಸುಮಾರು ಅರ್ಧ ಶತಮಾನದಿಂದ ಉಳಿದಿದೆ. ಬರೀ ಅಭಿಮಾನದಿಂದ ಉಳಿದಿದೆ ಎಂದರೆ ನನಗೆ ಸಮಾಧಾನವಾಗುವುದಿಲ್ಲ, ಯಾಕೆಂದರೆ ಅಭಿಮಾನ ಎಲ್ಲ ನಾಡಹಾಡುಗಳಲ್ಲೂ ಇದೆ. ಈ ಹಾಡು ಕೊಡುವ ಖುಷಿಯನ್ನು ಯಾರೋ ಬಹಳ ಲೆಕ್ಕಾಚಾರದಿಂದ ಕಟ್ಟಿದ್ದಾರೆ. ಅದರ ಕಟ್ಟಡ ಹೇಗಿದೆ ಎಂದು ಬಿಡಿಸಿ ನೋಡಿದರೆ ಹಾಡಿನ ಮೇಲಿನ ಪ್ರೀತಿ ಇನ್ನೂ ಹೆಚ್ಚುತ್ತದೆ.

ಮೊದಲು ಕವಿಯ ವಿಷಯ. ಕೆ.ಎಸ್. ನಿಸಾರ್ ಅಹಮದ್ 1936ರ ಫೆಬ್ರುವರಿ 5ರಂದು ದೇವನಹಳ್ಳಿಯಲ್ಲಿ ಹುಟ್ಟಿದವರು. ಓದಿದ್ದು ಭೂವಿಜ್ಞಾನ, ಸ್ನಾತಕೋತ್ತರ ಪದವಿ ಪಡೆದದ್ದು 1959ರಲ್ಲಿ. ಸರ್ಕಾರಿ ಕಾಲೇಜುಗಳಲ್ಲಿ ಕಲ್ಲು, ಅದಿರು, ಭೂಪದರಗಳ ಪಾಠ ಹೇಳುತ್ತಲೇ ಜೀವನ ಕಳೆದರು. ಶಿವಮೊಗ್ಗದವರು ಅವರನ್ನು ನಮ್ಮವರು ಎನ್ನುವುದು ಸಹ್ಯಾದ್ರಿ ಕಾಲೇಜಿನ ಕಾರಣಕ್ಕೆ. ತುಂಗಾ ಸೇತುವೆ ದಾಟಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಕಡೆಗೆ ಹೊರಟರೆ ಸಿಗುವ ಆ ಕಾಲೇಜಿನಲ್ಲಿ ಅವರು ಮೇಷ್ಟ್ರಾಗಿದ್ದರು. 2006ರಲ್ಲಿ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಶಿವಮೊಗ್ಗದಲ್ಲಿ ನಡೆದಾಗ ಅಧ್ಯಕ್ಷರಾಗಿ ಬಂದವರೂ ಅವರೇ. ತೀರಿಕೊಂಡದ್ದು 2020ರ ಮೇ 3ರಂದು.

‘ನಿತ್ಯೋತ್ಸವ’ ಎಂಬ ಕವನ ಸಂಕಲನ ಬಂದದ್ದು 1976ರಲ್ಲಿ. ಅದು ಎಂಥ ಕಾಲ ಎಂದು ಸ್ವಲ್ಪ ನೆನಪಿಸಿಕೊಳ್ಳಬೇಕು. ಮೈಸೂರು ರಾಜ್ಯ ‘ಕರ್ನಾಟಕ’ ಎಂಬ ಹೆಸರು ಪಡೆದು ಮೂರೇ ವರ್ಷವಾಗಿತ್ತು. ಇತ್ತ ಸಾಹಿತ್ಯದಲ್ಲಿ ನವ್ಯದ ಪ್ರಭಾವ ಇನ್ನೂ ಇಳಿದಿರಲಿಲ್ಲ. ನವ್ಯ ಕವಿಗಳು ಹಾಡನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಕವಿತೆ ಯೋಚನೆಗೆ ಹಚ್ಚಬೇಕು, ಕಿವಿಗೆ ಹಿತವಾಗಿ ಮಲಗಿಸಬಾರದು ಎಂಬುದು ಅವರ ಹಟ. ನಿಸಾರ್ ಅದೇ ಕಾಲದಲ್ಲಿ ಬೆಳೆದವರು. ಗುಂಪಿನಲ್ಲಿ ತಲೆ ತಗ್ಗಿಸಿ ನಡೆಯುವ ಮನುಷ್ಯರನ್ನು ಕುರಿಗಳೆಂದು ಕರೆದು ಚುಚ್ಚಿದ ಪದ್ಯವೂ ಅವರದೇ. ಅಂಥವರು ಮನಸ್ಸು ಬಿಚ್ಚಿ ಸಂಭ್ರಮಿಸುವ, ಹತ್ತು ಜನ ಕೂಡಿ ಹಾಡಬಹುದಾದ ಪದ್ಯ ಬರೆದರು. ಆ ದಿನಗಳಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು ಎಂದೇ ನನ್ನ ಭಾವನೆ. ಆದರೆ ನವ್ಯದಿಂದ ಕಲಿತ ಒಂದು ಶಿಸ್ತನ್ನು ಅವರು ಇಲ್ಲಿಯೂ ಬಿಡಲಿಲ್ಲ: ಹೊಗಳಿಕೆಯ ವಿಶೇಷಣ ಸುರಿಯುವ ಬದಲು ಕಣ್ಣಿಗೆ ಕಾಣುವ ವಸ್ತುವನ್ನು ಮುಂದಿಡುವುದು.

ಮೂರರ ನಡೆ

ಹಾಡು ಕೇಳಿದ ಕೂಡಲೇ ಕಾಲು ತಾನಾಗಿ ತಾಳ ಹಾಕುತ್ತದಲ್ಲ, ಅದಕ್ಕೆ ರಾಗಕ್ಕಿಂತ ಮೊದಲಿನ ಕಾರಣವೊಂದಿದೆ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಎಲ್ಲರೂ ಪ್ರಸ್ತಾರ ಹಾಕಿದವರೇ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಅಷ್ಟು ನೆನಪಿದ್ದರೆ ಸಾಕು.

ಮೊದಲ ಸಾಲಿನ ಮೊದಲ ತುಂಡನ್ನು ಹೀಗೆ ಒಡೆಯಿರಿ: ಜೋಗ | ದ ಸಿರಿ | ಬೆಳಕಿ | ನಲ್ಲಿ. ‘ಜೋ’ ಎರಡು, ‘ಗ’ ಒಂದು, ಸೇರಿ ಮೂರು. ‘ದ ಸಿರಿ’ ಒಂದೊಂದಾಗಿ ಮೂರು. ‘ಬೆಳಕಿ’ ಮೂರು. ‘ನಲ್ಲಿ’ಯಲ್ಲಿ ‘ನ’ ಒತ್ತಕ್ಷರದ ಹಿಂದೆ ಇರುವುದರಿಂದ ಎರಡು, ‘ಲ್ಲಿ’ ಒಂದು, ಮತ್ತೆ ಮೂರು. ಅದೇ ಸಾಲಿನ ಮುಂದಿನ ತುಂಡೂ ಹಾಗೆಯೇ: ತುಂಗೆ | ಯ ತೆನೆ | ಬಳುಕಿ | ನಲ್ಲಿ. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತುಂಡಿಗೆ ಮೂರು ಮಾತ್ರೆಯ ನಾಲ್ಕು ಗಣ ಬರುವ ಈ ನಡೆ ಕನ್ನಡಕ್ಕೆ ಹಳೆಯದು. ಐದರ ನಡೆ ಲಲಿತ ರಗಳೆ, ನಾಲ್ಕರದ್ದು ಮಂದಾನಿಲ, ಮೂರರದ್ದು ಉತ್ಸಾಹ ರಗಳೆ. ಉತ್ಸವದ ಹಾಡಿಗೆ ಕವಿ ಹಿಡಿದದ್ದು ಈ ಉತ್ಸಾಹದ ಲಯವನ್ನೇ. ಇಂಥ ಪದ್ಯಕ್ಕೆ ತಬಲದಲ್ಲಿ ಆರು ಮಾತ್ರೆಯ ದಾದ್ರಾ ಹೇಳಿ ಮಾಡಿಸಿದಂತೆ ಕೂರುತ್ತದೆ, ಯಾಕೆಂದರೆ ಎರಡು ಗಣ ಸೇರಿದರೆ ತಾಳದ ಒಂದು ಆವರ್ತ.

ಆದರೆ ಬರೀ ಮೂರು ಮೂರು ಎಂದು ಕೊನೆಯವರೆಗೂ ಸಾಗಿದರೆ ಮಗ್ಗಿ ಹೇಳಿದ ಹಾಗಾಗುತ್ತದೆ. ನಿಸಾರರ ಕೈಚಳಕ ಕಾಣುವುದು ಎರಡನೆಯ ಸಾಲಿನಲ್ಲಿ. ‘ಸಹ್ಯಾದ್ರಿಯ’ ಎಂಬ ಪದವನ್ನು ಎಣಿಸಿ: ‘ಸ’ ಎರಡು, ‘ಹ್ಯಾ’ ಎರಡು, ‘ದ್ರಿ’ ಒಂದು, ‘ಯ’ ಒಂದು. ಒಟ್ಟು ಆರು, ಲೆಕ್ಕ ಸರಿಯೇ. ಆದರೆ ಮೂರು ಮಾತ್ರೆ ಮುಗಿಯುವ ಜಾಗ ಎಲ್ಲಿದೆ? ‘ಹ್ಯಾ’ ಅಕ್ಷರದ ನಟ್ಟನಡುವೆ. ಗಣದ ಗಡಿಯನ್ನು ಆ ದೀರ್ಘಾಕ್ಷರ ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತದೆ. ತಾಳ ಬೀಳಬೇಕಾದ ಕಡೆ ಹೊಸ ಅಕ್ಷರ ಸಿಗುವುದಿಲ್ಲ, ಹಿಂದಿನದೇ ಇನ್ನೂ ಚಾಚಿಕೊಂಡಿರುತ್ತದೆ. ಅದೇ ಸಾಲಿನ ‘ಉತ್ತುಂಗದ’ ಕೂಡ ಇದೇ ಅಚ್ಚು: ಎರಡು, ಎರಡು, ಒಂದು, ಒಂದು. ಬೆಟ್ಟದ ಎತ್ತರ ಹೇಳುವ ಎರಡು ಪದಗಳಲ್ಲೂ ನಾಲಗೆಗೆ ಏರುದಾರಿ ಸಿಗುತ್ತದೆ.

ಈಗ ಪಲ್ಲವಿಯ ಪದವನ್ನೇ ಎಣಿಸಿ. ‘ನಿ’ ಎರಡು, ‘ತ್ಯೋ’ ಎರಡು, ‘ತ್ಸ’ ಒಂದು, ‘ವ’ ಒಂದು. ಸಹ್ಯಾದ್ರಿಯ ಅಚ್ಚೇ! ಇನ್ನೂ ಸೂಕ್ಷ್ಮ ನೋಡಿ: ಮೂರನೆಯ ಸಾಲು ಶುರುವಾಗುವುದು ‘ನಿತ್ಯ ಹರಿದ್ವರ್ಣ’ ಎಂದು. ಅಲ್ಲಿ ‘ನಿತ್ಯ’ ಸರಿಯಾಗಿ ಮೂರು ಮಾತ್ರೆಗೆ ಮುಗಿದು ಮುಂದಕ್ಕೆ ಬಿಡುತ್ತದೆ. ಮರುಸಾಲಿನಲ್ಲಿ ಮತ್ತೆ ಅದೇ ‘ನಿತ್ಯ’ ಬಂತು ಎಂದು ಕಿವಿ ಅಂದುಕೊಳ್ಳುವಷ್ಟರಲ್ಲಿ ಅದು ‘ನಿತ್ಯೋ’ ಎಂದು ಹಿಗ್ಗಿ ಗಡಿ ದಾಟುತ್ತದೆ. ಆ ಹಿಗ್ಗುವ ಕ್ಷಣದಲ್ಲಿಯೇ ಸಭೆಯಲ್ಲಿ ಕುಳಿತವರೂ ದನಿಗೂಡಿಸುವುದು. ಮಕ್ಕಳಿಗೆ ಈ ಹಾಡು ಹೇಳಿಕೊಡುವಾಗ ಗಮನಿಸಿದ್ದೇನೆ: ಚರಣದ ಪದಗಳು ತಪ್ಪಿದರೂ ‘ನಿತ್ಯೋ’ ಎಂಬ ಏರು ಯಾವ ಮಗುವಿಗೂ ತಪ್ಪುವುದಿಲ್ಲ. ಅದನ್ನು ಕಲಿಸಬೇಕಾಗಿಯೇ ಇಲ್ಲ.

ವ್ಯಾಕರಣದಲ್ಲೂ ಒಂದು ಉಪಾಯವಿದೆ. ಮೊದಲ ಚರಣದಲ್ಲಿ ಕ್ರಿಯಾಪದ ಹುಡುಕಿ ನೋಡಿ, ಸಿಗುವುದಿಲ್ಲ. ಬೆಳಕಿನಲ್ಲಿ, ಬಳುಕಿನಲ್ಲಿ, ನಿಲುಕಿನಲ್ಲಿ, ತರುಗಳಲ್ಲಿ ಎಂದು ಸಪ್ತಮಿ ವಿಭಕ್ತಿಯ ಮೇಲೆ ಸಪ್ತಮಿ ವಿಭಕ್ತಿ. ಅಲ್ಲಿ, ಅಲ್ಲಿ, ಅಲ್ಲಿ ಎಂದು ತೋರಿಸುತ್ತಲೇ ಹೋಗುತ್ತದೆ. ಅಲ್ಲೆಲ್ಲ ಏನು ಎಂದು ಕೇಳುವ ಮನಸ್ಸಿಗೆ ನಾಲ್ಕು ಕಡೆ ಸುತ್ತಿದ ಮೇಲೆ ಉತ್ತರ: ನಿತ್ಯೋತ್ಸವ, ತಾಯಿ, ನಿನಗೆ. ಕಾಯಿಸಿದ್ದಕ್ಕೆ ತಕ್ಕ ಬಿಡುಗಡೆ ಸಿಗುತ್ತದೆ. ಆ ಬಿಡುಗಡೆಯಲ್ಲೂ ಕ್ರಿಯಾಪದವಿಲ್ಲ. ನಡೆಯಿತು, ನಡೆಯುತ್ತದೆ ಎಂದಿದ್ದರೆ ಕಾಲ ಬಂದುಬಿಡುತ್ತಿತ್ತು. ಕಾಲವಿಲ್ಲದ ವಾಕ್ಯವಾದ್ದರಿಂದಲೇ ಉತ್ಸವ ‘ನಿತ್ಯ’ವಾಗಿ ಉಳಿದಿದೆ.

ಮೇಷ್ಟ್ರು ಬಿಡಿಸಿದ ನಕ್ಷೆ

ಮಲೆನಾಡಿನವರಾದ ನಾವು ಈ ಹಾಡನ್ನು ಬೇರೆಯವರಿಗಿಂತ ಹೆಚ್ಚು ಗಮನವಿಟ್ಟು ಕೇಳಬೇಕು, ಯಾಕೆಂದರೆ ಮೊದಲ ಚರಣ ಪೂರ್ತಿ ನಮ್ಮ ಸುತ್ತಲಿನ ನೆಲ. ಅದೂ ಒಬ್ಬ ಭೂವಿಜ್ಞಾನಿ ಕಂಡ ನೆಲ.

ಜೋಗ, ತುಂಗೆ ಎಂದು ಎರಡು ಹೆಸರು ಅಕ್ಕಪಕ್ಕ ಬರುತ್ತವೆ. ಎರಡೂ ನೀರಿನ ಮಾತು ಎಂದು ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ಆ ಎರಡು ನೀರು ಎದುರು ಬದುರು ದಿಕ್ಕಿನವು. ಜೋಗದಲ್ಲಿ ಧುಮುಕುವ ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಸಾಗಿ, ಜೋಗದಲ್ಲಿ 253 ಮೀಟರ್ ಕೆಳಗೆ ಹಾರಿ, ಹೊನ್ನಾವರದ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ತುಂಗೆ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ ದಾಟಿ, ಅದೇ ತೀರ್ಥಹಳ್ಳಿಯ ಮೂಲಕ ಹರಿದು, ಮಂಡಗದ್ದೆ, ಗಾಜನೂರು, ಶಿವಮೊಗ್ಗ ಮುಟ್ಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಪೂರ್ವಕ್ಕೆ ಹೊರಡುತ್ತದೆ. ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಅದರ ಪಾಲು. ಒಂದೇ ತಾಲ್ಲೂಕಿನ ಮೇಲೆ ಸುರಿದ ಮಳೆ ಒಂದು ಗುಡ್ಡದ ಆಚೆ ಬಿದ್ದರೆ ಪಶ್ಚಿಮ ಸಮುದ್ರಕ್ಕೆ, ಈಚೆ ಬಿದ್ದರೆ ಪೂರ್ವ ಸಮುದ್ರಕ್ಕೆ. ಜೋಗದ ಜೊತೆ ತುಂಗೆಯನ್ನು ಜೋಡಿಸಿದಾಗ ಪದ್ಯದ ಮೊದಲ ಸಾಲಿಗೇ ಘಟ್ಟದ ಎರಡೂ ಮಗ್ಗುಲು ಬಂದವು. ಒಂದು ಕಡೆ ಕಣಿವೆಗೆ ಹಾರುವ ನೀರು, ಇನ್ನೊಂದು ಕಡೆ ಗದ್ದೆಗೆ ಹಾಯುವ ನೀರು. ‘ತೆನೆ ಬಳುಕು’ ಆ ಎರಡನೆಯದರ ಗುರುತು. ಗಾಜನೂರಿನ ನಾಲೆಯ ನೀರು ಕುಡಿದ ಭತ್ತದ ಗದ್ದೆಗಳನ್ನು ನೋಡಿದವರಿಗೆ ಆ ಬಳುಕು ಗೊತ್ತು. ಈಗ ಆ ಗದ್ದೆಗಳಲ್ಲಿ ಎಷ್ಟೋ ಅಡಿಕೆ ತೋಟಗಳಾಗಿವೆ.

ಆಮೇಲೆ ‘ಲೋಹದದಿರ’. ಅಭ್ಯಾಸದಲ್ಲಿ ಮಕ್ಕಳು ಹೆಚ್ಚು ಎಡವುವುದು ಇಲ್ಲಿಯೇ. ‘ಲೋಹ ದದಿರ’ ಎಂದು ಒಡೆದು ಹಾಡುತ್ತಾರೆ, ದದಿರ ಎಂದರೇನು ಎಂದು ಯಾರೂ ಕೇಳುವುದಿಲ್ಲ. ಲೋಹದ ಅದಿರು, ಅಷ್ಟೇ. ಪದ್ಯ ಬರೆಯುವ ಬಹುಪಾಲು ಜನಕ್ಕೆ ಸಹ್ಯಾದ್ರಿ ಎಂದರೆ ಹಸಿರು, ಮಂಜು, ಮಳೆ. ಬೆಟ್ಟದ ಹೊಟ್ಟೆಯೊಳಗಿನ ಅದಿರನ್ನು ನಾಡಹಾಡಿಗೆ ತರಲು ಭೂವಿಜ್ಞಾನದ ಮೇಷ್ಟ್ರೇ ಬೇಕಾಯಿತು. ಬಾಬಾಬುಡನ್‌ಗಿರಿ, ಕುದುರೆಮುಖ ಸಾಲಿನಲ್ಲಿರುವ ಕಬ್ಬಿಣದ ಅದಿರು 250 ಕೋಟಿ ವರ್ಷಕ್ಕೂ ಹಿಂದಿನದು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ಕಡಲ ನೀರಿನಲ್ಲಿ ಕರಗಿಕೊಂಡೇ ಇರುತ್ತಿತ್ತು. ಅದು ಕ್ರಮೇಣ ಆಮ್ಲಜನಕದೊಂದಿಗೆ ಬೆರೆತು ತಳಕ್ಕೆ ಇಳಿಯಿತು. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ, ಹೀಗೆ ಪಟ್ಟೆ ಪಟ್ಟೆಯಾಗಿ ಕೂತು ಗಟ್ಟಿಯಾಯಿತು. ನಾವು ಇವತ್ತು ತಲೆಯೆತ್ತಿ ನೋಡುವ ಆ ಶಿಖರಗಳ ಅದಿರು ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಎಂದಾಗ ‘ಉತ್ತುಂಗ’ ಎಂಬ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಶಿವಮೊಗ್ಗದ ಕೇಳುಗರಿಗೆ ಅದಿರು ದೂರದ ಮಾತಾಗಿರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಬಂದು ಕಬ್ಬಿಣವಾಗುತ್ತಿತ್ತು. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಎದ್ದ ಆ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಿಕೆ ಆರಂಭವಾದದ್ದು 1923ರಲ್ಲಿ. ಅದರ ಸೈರನ್ ಕೇಳಿ ಗಡಿಯಾರ ನೋಡುತ್ತಿದ್ದ ಸಾವಿರಾರು ಮನೆಗಳಲ್ಲಿ ‘ಲೋಹದದಿರು’ ಎಂದರೆ ತಿಂಗಳ ಸಂಬಳ.

ಮೂರನೆಯ ಸಾಲಿನ ಬಗ್ಗೆ ಅರಣ್ಯ ಇಲಾಖೆಯವರು ಒಂದು ತಕರಾರು ತೆಗೆಯಬಹುದು. ನಿತ್ಯಹರಿದ್ವರ್ಣ ಕಾಡಿನಲ್ಲಿ ತೇಗ, ಗಂಧ ಎಂದಿದ್ದಾರೆ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸುವ ಮರ, ಗಂಧ ಕೂಡ ಒಣ ಕಾಡಿನದು, ಆಗುಂಬೆಯ ದಟ್ಟ ಕಾಡಿನಲ್ಲಿ ಅವು ಬೆಳೆಯುವುದಿಲ್ಲ. ಮಾತು ನಿಜವೇ. ಆದರೆ ಶಿವಮೊಗ್ಗದಿಂದ ಆಗುಂಬೆಗೆ ಬಸ್ಸಿನಲ್ಲಿ ಹೋದವರಿಗೆ ಈ ಸಾಲು ಹೇಗೆ ಹುಟ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ. ಸುಮಾರು 90 ಕಿಲೋಮೀಟರ್ ದಾರಿ. ಸಕ್ರೆಬೈಲಿನ ಆಸುಪಾಸಿನ ಎಲೆ ಉದುರಿಸುವ ಕಾಡಿನಲ್ಲಿ ಶುರುವಾಗಿ, ತೀರ್ಥಹಳ್ಳಿ ದಾಟುತ್ತಲೇ ಹಸಿರು ಗಟ್ಟಿಯಾಗುತ್ತಾ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಕೊನೆಯಾಗುತ್ತದೆ. ಬೆಳಿಗ್ಗೆ ಹೊರಟವರು ಮಧ್ಯಾಹ್ನದೊಳಗೆ ಎರಡು ಬಗೆಯ ಕಾಡು ನೋಡಿ ಮುಗಿಸಿರುತ್ತಾರೆ. ಪದ್ಯ ಆ ಇಡೀ ದಾರಿಯನ್ನು ಹನ್ನೆರಡು ಹನ್ನೆರಡು ಮಾತ್ರೆಯ ಎರಡು ತುಂಡಿನಲ್ಲಿ ಹಿಡಿದಿದೆ. ಗಂಧದ ಬೇರು ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಅವುಗಳಿಂದ ಆಹಾರ ಹೀರಿ ಬದುಕುತ್ತದೆ, ಒಂಟಿಯಾಗಿ ನೆಟ್ಟರೆ ಏಳಿಗೆಯಾಗುವುದಿಲ್ಲ. ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ಅದೇ ಮರ ಬಳ್ಳಿ, ಹೂವು, ಆನೆಗಳ ಸಾಲಾಗುತ್ತದೆ.

ಸಂತೋಷದ ಹಾಡಿನ ಕೆಳಗಿನ ನೀರು

ಇಷ್ಟು ಹೇಳಿ ನಿಲ್ಲಿಸಿದರೆ ಮಲೆನಾಡಿನ ಅರ್ಧ ಜನಕ್ಕೆ ಅನ್ಯಾಯ ಮಾಡಿದ ಹಾಗೆ. ‘ಜೋಗದ ಸಿರಿ ಬೆಳಕು’ ಎಂದಾಗ ಬಿಸಿಲು ಬಿದ್ದು ಹೊಳೆಯುವ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಕಣ್ಣಮುಂದೆ ಬರುತ್ತವೆ. ಜೊತೆಗೆ ಇನ್ನೊಂದು ಬೆಳಕೂ ಬರುತ್ತದೆ. 1940ರ ದಶಕದ ಕೊನೆಯಲ್ಲಿ ಜೋಗದ ಕೆಳಗೆ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಹಾಡು ಬಂದ ಕಾಲದಲ್ಲಿ ನಾಡಿನ ದೀಪಗಳು ಉರಿಯುತ್ತಿದ್ದುದು ಬಹುಮಟ್ಟಿಗೆ ಈ ನೀರಿನಿಂದಲೇ.

ಆ ದೀಪಕ್ಕೆ ಬೆಲೆ ಕೊಟ್ಟವರು ಶರಾವತಿ ಮುಳುಗಡೆಯವರು. ಮನೆ, ತೋಟ, ದೇವರ ಕಾಡು, ಗದ್ದೆ ಬಿಟ್ಟು ಲಾರಿ ಹತ್ತಿದ ಕುಟುಂಬಗಳ ಮೂರನೆಯ ತಲೆಮಾರು ಇವತ್ತಿಗೂ ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದೆ. ಜೋಗದ ನೀರು ಈಗ ಮಳೆಗಾಲದಲ್ಲಿ ಮಾತ್ರ ಹಾಡಿನಲ್ಲಿ ಹೇಳಿದ ಸಿರಿಯಂತೆ ಕಾಣುತ್ತದೆ, ಬೇಸಿಗೆಯಲ್ಲಿ ಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುತ್ತದೆ. ಅದಿರಿನ ಕಥೆಯೂ ಹಾಗೆಯೇ. ‘ನಿತ್ಯೋತ್ಸವ’ ಸಂಕಲನ ಬಂದ 1976ರಲ್ಲಿಯೇ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಭದ್ರೆಯ ಒಡಲಿಗೆ ಗಣಿಯ ಹೂಳು ತುಂಬುತ್ತಿದೆ ಎಂದು ಜನ ಬೀದಿಗಿಳಿದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಇದನ್ನೆಲ್ಲ ತಿಳಿದ ಮೇಲೆ ಹಾಡು ಸುಳ್ಳು ಅನಿಸಬೇಕೇ? ನನಗೆ ಹಾಗೆ ಅನಿಸಿಲ್ಲ. ಸಾಗರದ ಕಡೆ ಮುಳುಗಡೆ ಕುಟುಂಬದ ಹಿರಿಯರೊಬ್ಬರು ಈ ಹಾಡು ಬಂದಾಗ ರೇಡಿಯೊ ದನಿ ಏರಿಸುತ್ತಿದ್ದುದನ್ನು ಕಂಡಿದ್ದೇನೆ. ಹಾಡಿನಲ್ಲಿ ಉತ್ಸವ ಸಲ್ಲುವುದು ‘ತಾಯಿ’ಗೆ, ಸರ್ಕಾರಕ್ಕಲ್ಲ, ಅಣೆಕಟ್ಟಿಗಲ್ಲ. ನೆಲವನ್ನು ಇಷ್ಟು ಹತ್ತಿರದಿಂದ ಹೆಸರು ಹಿಡಿದು ಕರೆಯುವ ಹಾಡು ಅದನ್ನು ಕಳೆದುಕೊಂಡವರಿಗೂ ತಮ್ಮದೇ ಅನಿಸುತ್ತದೆ.

ಪುಸ್ತಕದಿಂದ ಕ್ಯಾಸೆಟ್ಟಿಗೆ

ಪದ್ಯ ಎಷ್ಟೇ ಚೆನ್ನಾಗಿದ್ದರೂ ಪುಸ್ತಕದಲ್ಲೇ ಇದ್ದಿದ್ದರೆ ಸಾವಿರ ಜನ ಓದುತ್ತಿದ್ದರು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಮೈಸೂರು ಅನಂತಸ್ವಾಮಿಯವರ ಸಂಯೋಜನೆ, ಆಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ.

ಕವಿಗಳ ಪದ್ಯವನ್ನು ವೇದಿಕೆಯ ಮೇಲೆ ಹಾಡುವ ದಾರಿ ಅನಂತಸ್ವಾಮಿಯವರಿಗಿಂತ ಮೊದಲೇ ಇತ್ತು, ಪಿ. ಕಾಳಿಂಗರಾಯರು ಆ ದಾರಿ ತೆರೆದವರಲ್ಲಿ ಪ್ರಮುಖರು. ಆದರೆ ಗ್ರಾಮಫೋನ್ ಕಾಲದಲ್ಲಿ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಿಡಿಸುತ್ತಿತ್ತು, ತಟ್ಟೆಯೂ ದುಬಾರಿ, ಯಂತ್ರವೂ ದುಬಾರಿ. ಇಲ್ಲದಿದ್ದರೆ ಆಕಾಶವಾಣಿಯವರು ಹಾಕಿದಾಗ ಕೇಳಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ಈ ಕಟ್ಟುಗಳನ್ನು ಸಡಿಲಿಸಿತು. ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಟೇಪು, ಕ್ಷಣಕ್ಕೆ ಐದು ಸೆಂಟಿಮೀಟರಿಗೂ ಕಡಿಮೆ ವೇಗ, ಹಾಗಾಗಿ ಅಂಗೈಯಗಲದ ಪೆಟ್ಟಿಗೆಯಲ್ಲಿ ಒಂದು ಗಂಟೆಯ ಸಂಗೀತ. ಒಬ್ಬ ಕವಿಯ ಹತ್ತು ಪದ್ಯಗಳನ್ನು ಒಟ್ಟಿಗೆ ಕೇಳುವುದು ಸಾಧ್ಯವಾಯಿತು. ಸೆಲ್ ಹಾಕಿದ ಟೇಪ್ ರೆಕಾರ್ಡರ್ ಕರೆಂಟು ಬಾರದ ಮನೆಯಲ್ಲೂ ಹಾಡಿತು.

1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂತು. ಭಾವಗೀತೆಗಳ ಮೊದಲ ಕನ್ನಡ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಅದಕ್ಕೆ. ಸಿನಿಮಾ ಹಾಡಲ್ಲದ, ದೇವರ ನಾಮವಲ್ಲದ, ಒಬ್ಬ ಕಾಲೇಜು ಮೇಷ್ಟ್ರ ಪದ್ಯಗಳನ್ನು ಜನ ದುಡ್ಡು ಕೊಟ್ಟು ಕೊಂಡರು. ಮುಂದೆ ಸುಗಮ ಸಂಗೀತದ ಕ್ಯಾಸೆಟ್ಟುಗಳ ಹೊಳೆಯೇ ಹರಿಯಿತು. ಕನ್ನಡದ ಕಾವ್ಯ ಓದು ಬಾರದ ಅಜ್ಜಿಯರ ಬಾಯಲ್ಲೂ ನಲಿಯಿತು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡಿಕೊಂಡವರ ಲೆಕ್ಕ ಯಾರೂ ಇಟ್ಟಿಲ್ಲ.

ಅನಂತಸ್ವಾಮಿಯವರ ದೊಡ್ಡತನ ಏನೆಂದರೆ ಅವರು ಪದ್ಯದ ನಡೆಯನ್ನು ಮುರಿಯಲಿಲ್ಲ. ತಾನ, ಆಲಾಪಗಳ ಆಡಂಬರ ಹೇರಲಿಲ್ಲ. ಪದ ಕೇಳಬೇಕು, ಪದದ ಅರ್ಥ ತಿಳಿಯಬೇಕು, ಹಾಡು ಕಲಿಯದವರ ಗಂಟಲಿಗೂ ಅದು ನಿಲುಕಬೇಕು. ಕುಪ್ಪಳಿಯ ಕುವೆಂಪು ಬರೆದ ನಾಡಗೀತೆಗೂ ಧಾಟಿ ಕೊಟ್ಟವರು ಅವರೇ. 1995ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 2022ರಲ್ಲಿ, ನಾಡಗೀತೆಯನ್ನು ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ ಆದೇಶ ಹೊರಡಿಸಿತು.

ನಾಡಗೀತೆಯ ಮಾತು ಬಂದದ್ದರಿಂದ ಒಂದು ವ್ಯತ್ಯಾಸ ಹೇಳಬೇಕು. ಕುವೆಂಪು ಅವರ ಗೀತೆ ನಾಡು ಕಟ್ಟಿದವರನ್ನು ಹೆಸರಿಟ್ಟು ಕರೆಯುತ್ತದೆ: ಆಚಾರ್ಯರು, ಶರಣರು, ಕವಿಗಳು. ನಿಸಾರರ ಹಾಡಿನಲ್ಲಿ ಒಬ್ಬ ರಾಜನ ಹೆಸರಿಲ್ಲ, ಒಬ್ಬ ಕವಿಯ ಹೆಸರಿಲ್ಲ, ಯಾವ ದೇವರ ಹೆಸರೂ ಇಲ್ಲ. ಕನ್ನಡ, ಕರ್ನಾಟಕ ಎಂಬ ಹೆಸರುಗಳೂ ಇಲ್ಲ! ಎರಡನೆಯ ಚರಣ ಇತಿಹಾಸದ್ದು. ಅಲ್ಲಿ ಸಿಂಹಾಸನ, ಶಾಸನ, ಓಲೆಗರಿ, ದೇಗುಲದ ಗೋಡೆ ಬರುತ್ತವೆ, ಯಾರದು ಎಂದು ಹೇಳುವುದಿಲ್ಲ. ನಮ್ಮ ಜಿಲ್ಲೆಯವರು ಅಲ್ಲಿ ನಮ್ಮದನ್ನು ತುಂಬಿಕೊಳ್ಳಬಹುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕದಂಬರ ಸ್ತಂಭಶಾಸನ, ಬಳ್ಳಿಗಾವೆಯ ಕೇದಾರೇಶ್ವರ, ಇಕ್ಕೇರಿಯ ಅಘೋರೇಶ್ವರ, ಕೆಳದಿಯ ವಸ್ತುಸಂಗ್ರಹಾಲಯದ ತಾಳೆಗರಿ ಕಟ್ಟುಗಳು. ಶಾಸನತಜ್ಞ ಬಿ.ಎಲ್. ರೈಸ್ ರಾಜ್ಯದ ಶಾಸನಗಳನ್ನು ಅಚ್ಚು ಹಾಕಿಸುವಾಗ ಶಿವಮೊಗ್ಗ ಜಿಲ್ಲೆಯೊಂದಕ್ಕೇ ಎರಡು ಸಂಪುಟ ಬೇಕಾದವು. ಬೀದರಿನವರು, ಕೋಲಾರದವರು ತಮ್ಮೂರಿನದನ್ನು ತುಂಬಿಕೊಳ್ಳುತ್ತಾರೆ. ಹೆಸರು ಹೇಳದೆ ಬಿಟ್ಟ ಆ ಜಾಗದಿಂದಾಗಿಯೇ ಹಾಡು ಮಲೆನಾಡಿನಲ್ಲಿ ಹುಟ್ಟಿಯೂ ಇಡೀ ನಾಡಿನದಾಯಿತು.

ಮೂರನೆಯ ಚರಣದಲ್ಲಿ ‘ಅಲ್ಲಿ ಅಲ್ಲಿ’ ನಿಲ್ಲುತ್ತದೆ. ಇಲ್ಲಿಯವರೆಗೆ ತಾಯಿಯನ್ನು ಎಲ್ಲೆಲ್ಲಿ ಕಾಣಬಹುದೆಂದು ತೋರಿಸಿದ ಹಾಡು ಈಗ ನೇರ ಅವಳನ್ನೇ ಕರೆದು ಮಾತಾಡಿಸುತ್ತದೆ. ಹಲವು ಎಂದು ಬೇರೆ ಮಾಡದ ಹಿರಿಮೆ, ಕುಲ ಕೇಳದ ಗರಿಮೆ ಎಂದು ಕರೆಯುತ್ತದೆ. ಮುಸ್ಲಿಂ ಮನೆಯಲ್ಲಿ ಹುಟ್ಟಿ ಕನ್ನಡವನ್ನೇ ಉಸಿರಾಡಿದ ಕವಿ ಈ ಮಾತು ಬರೆಯುವಾಗ ಅದು ಸಭೆಗೆ ತಕ್ಕ ಅಲಂಕಾರವಾಗಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಛಂದಸ್ಸು ಮತ್ತೆ ಕೆಲಸ ಮಾಡುತ್ತದೆ: ‘ಈ ವತ್ಸರ ನಿರ್ಮತ್ಸರ’. ಎಣಿಸಿ ನೋಡಿ. ಎರಡು, ಎರಡು, ಒಂದು, ಒಂದು. ಮತ್ತೆ ಎರಡು, ಎರಡು, ಒಂದು, ಒಂದು. ‘ನಿತ್ಯೋತ್ಸವ’ದ ಅಚ್ಚಿನಲ್ಲೇ ಎರಕ ಹೊಯ್ದ ಎರಡು ತುಂಡು. ಮತ್ಸರವಿಲ್ಲದ ಮನಸ್ಸು ಎಂಬ ಮಾತು ಉತ್ಸವ ಎಂಬ ಮಾತಿನ ಹೆಜ್ಜೆಯಲ್ಲೇ ನಡೆದು ಬರುತ್ತದೆ. ಆಮೇಲೆ ಬರುವ ಪಲ್ಲವಿಗೆ ಕಿವಿ ಆಗಲೇ ಸಿದ್ಧವಾಗಿರುತ್ತದೆ.

ದುಃಖದ ಸಂಗತಿ ಎಂದರೆ ಸಮಾರಂಭಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಚರಣಕ್ಕೆ. ಅತಿಥಿಗಳು ತಡವಾಗಿ ಬಂದರು, ಸಮಯವಿಲ್ಲ, ಎರಡು ಚರಣ ಸಾಕು ಎನ್ನುತ್ತಾರೆ. ಈ ರಾಜ್ಯೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡುತ್ತಿರುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಬಿಡಲೇಬೇಕಾದರೆ ಎರಡನೆಯದನ್ನು ಬಿಡಿ. ಮೊದಲನೆಯದು ಹಾಡಿಸಿ, ‘ಲೋಹದ’ ಆದ ಮೇಲೆ ‘ಅದಿರ’ ಎಂದು ಬಿಡಿಸಿ ಹೇಳಿಕೊಟ್ಟು ಹಾಡಿಸಿ, ಅಲ್ಲಿಂದ ನೇರ ಮೂರನೆಯದಕ್ಕೆ ಬನ್ನಿ. ಮೂರನೆಯದು ಹೆಚ್ಚೆಂದರೆ ಒಂದು ನಿಮಿಷದ್ದು. ಸ್ವಾಗತ ಭಾಷಣದಲ್ಲಿ ಅಷ್ಟು ಉಳಿಸಬಹುದು.